ತುಟಿಯಿಂದ ದೂರ ಹೋದಷ್ಟೂ ಬೆಲೆ ಹೆಚ್ಚು

ಮದುವೆಯ ಕಾಲ ಬಂತೆಂದರೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಲ್ಯಾಣ ಮಂಟಪಗಳಿಗೆ ಬಿಡುವಿರುವುದಿಲ್ಲ. ಮುಹೂರ್ತಕ್ಕೆ ವಾಲಗ ಬೇಕು, ದಿಬ್ಬಣಕ್ಕೆ ಬ್ಯಾಂಡ್ ಸೆಟ್ ಬೇಕು. ತೇರು, ಊರಹಬ್ಬ, ಗಣಪತಿ ಬಿಡುವ ಮೆರವಣಿಗೆ ಎಂದು ವರ್ಷವಿಡೀ ಬ್ಯಾಂಡಿನವರಿಗೆ ಕರೆ ಬರುತ್ತಲೇ ಇರುತ್ತದೆ. ಡ್ರಮ್ಮು ತಾಳಗಳ ಅಬ್ಬರದ ನಡುವೆ ಹಾಡಿನ ಧಾಟಿ ಹಿಡಿದು ನಡೆಸುವ ವಾದ್ಯಗಳಲ್ಲಿ ಕ್ಲಾರಿನೆಟ್ ಒಂದು. ಅದನ್ನು ಕಲಿಯಲು ಹೊರಟ ಹುಡುಗನನ್ನು ಯಾರ ಹತ್ತಿರ ಕಲಿಯುತ್ತೀಯ ಎಂದು ಕೇಳುವ ಮೊದಲೇ ಯಾವ ಕಂಪನಿಯ ಪೀಸು ಎಂದು ಕೇಳುವವರೇ ಹೆಚ್ಚು. ಚೆನ್ನಾಗಿ ಊದುವವನನ್ನು ಕಂಡರೆ, ಅವನದು ಫಾರಿನ್ ಪೀಸು, ಅದಕ್ಕೇ ಆ ನಾದ ಎಂದುಬಿಡುತ್ತಾರೆ. ಈ ನಂಬಿಕೆ ಬರೀ ಮಾತಾಗಿ ಉಳಿಯುವುದಿಲ್ಲ. ಅದು ಕೈಸಾಲಕ್ಕೆ, ಚೀಟಿ ಎತ್ತುವುದಕ್ಕೆ, ಒಂದು ಸೀಸನ್ನಿನ ದುಡಿಮೆಯನ್ನೆಲ್ಲ ಕಪ್ಪು ಮರದ ಒಂದು ಕೊಳವೆಗೆ ಸುರಿಯುವುದಕ್ಕೆ ದಾರಿಯಾಗುತ್ತದೆ. ಹಾಗೆ ಸುರಿದ ಹಣಕ್ಕೆ ತಕ್ಕ ನಾದ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಾರಿನೆಟ್ಟಿನ ಯಾವ ಭಾಗ ಊದುವವನ ತುಟಿಗೆ ಹತ್ತಿರವೋ ಅದರ ಪರಿಣಾಮ ನಾದದ ಮೇಲೆ ಹೆಚ್ಚು. ತುಟಿಯಿಂದ ದೂರ ಹೋದಷ್ಟೂ ಪರಿಣಾಮ ಕಡಿಮೆಯಾಗುತ್ತದೆ, ಬೆಲೆ ಮಾತ್ರ ಏರುತ್ತ ಹೋಗುತ್ತದೆ.

ಇದು ಹೇಗೆಂದು ತಿಳಿಯಬೇಕಾದರೆ ನಾದ ಹುಟ್ಟುವ ಬಗೆಯನ್ನು ನೋಡಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಬಿ ಫ್ಲ್ಯಾಟ್ ಕ್ಲಾರಿನೆಟ್ ಸುಮಾರು 66 ಸೆಂಟಿಮೀಟರ್ ಉದ್ದದ ಕೊಳವೆ. ಒಳಗಿನ ಕೊರೆತ ಸುಮಾರು 15 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಸಮ. ಮೇಲ್ತುದಿಯಲ್ಲಿ ಕೊಕ್ಕಿನಂಥ ಮೌತ್‌ಪೀಸು, ಅದಕ್ಕೆ ಲಿಗೇಚರ್ ಎಂಬ ಪಟ್ಟಿಯಿಂದ ಬಿಗಿದ ಒಂದೇ ಒಂದು ರೀಡು. ಊದಿದಾಗ ರೀಡು ಮೌತ್‌ಪೀಸಿನ ಬಾಯಿಯನ್ನು ಸೆಕೆಂಡಿಗೆ ನೂರಾರು ಬಾರಿ ತೆರೆದು ಮುಚ್ಚುತ್ತದೆ. ಉಸಿರು ತುಣುಕು ತುಣುಕಾಗಿ ಕೊಳವೆಗೆ ನುಗ್ಗಿ ಒಳಗಿನ ಗಾಳಿಯ ಕಂಬ ಕಂಪಿಸುವಂತೆ ಮಾಡುತ್ತದೆ. ಕೇಳುಗರ ಕಿವಿಗೆ ಬರುವುದು ಆ ಗಾಳಿಕಂಬದ ಕಂಪನ. ನಾಗಸ್ವರ, ಶಹನಾಯಿ, ಸ್ಯಾಕ್ಸೊಫೋನುಗಳ ಕೊಳವೆ ಬುಡದಿಂದ ತುದಿಗೆ ಅಗಲವಾಗುತ್ತ ಹೋಗುತ್ತದೆ. ಹಾಗಾಗಿ ಅವುಗಳಲ್ಲಿ ಉಸಿರಿನ ಒತ್ತಡ ಬದಲಿಸಿ ಮೇಲಿನ ಸ್ಥಾಯಿಗೆ ಹಾರಿದರೆ ಷಡ್ಜದಿಂದ ತಾರಷಡ್ಜಕ್ಕೆ ಹೋಗುತ್ತದೆ, ಬೆರಳ ವರಸೆ ಅದೇ ಇರುತ್ತದೆ. ಒಂದೇ ಅಗಲದ ಕೊರೆತವಿದ್ದು ಒಂದು ತುದಿ ರೀಡಿನಿಂದ ಮುಚ್ಚಿರುವ ಕ್ಲಾರಿನೆಟ್ ಹಾಗಲ್ಲ. ಅದು ತಾರಷಡ್ಜವನ್ನು ದಾಟಿ ಅದರ ಮೇಲಿನ ಪಂಚಮಕ್ಕೆ ಹಾರುತ್ತದೆ. ವಾಲಗದ ಮನೆತನದ ಹುಡುಗ ಕ್ಲಾರಿನೆಟ್ ಹಿಡಿದಾಗ ಮೊದಲು ತಡಕಾಡುವುದು ಇಲ್ಲೇ. ಕೆಳಗಿನ ಸ್ವರಗಳ ತುಂಬುದನಿ, ಮಂದ್ರದ ಆ ಮರದಂಥ ಗಾಂಭೀರ್ಯ ಕೂಡ ಈ ಆಕಾರದಿಂದಲೇ ಬಂದದ್ದು. ಅಂದರೆ ಕ್ಲಾರಿನೆಟ್ಟಿನ ನಾದಕ್ಕೆ ಕ್ಲಾರಿನೆಟ್ ಎಂಬ ಗುರುತು ಕೊಡುವುದು ಕೊರೆತದ ಆಕಾರ. ಈ ಆಕಾರ ಅಗ್ಗದ ಪೀಸಿನಲ್ಲೂ ದುಬಾರಿ ಪೀಸಿನಲ್ಲೂ ಮೂಲತಃ ಒಂದೇ.

ಹಾಗಾದರೆ ದುಡ್ಡು ಯಾತಕ್ಕೆ ಕೊಡುತ್ತೇವೆ? ಬಹುಪಾಲು ಮರಕ್ಕೆ, ಕೀಗಳ ಕುಸುರಿಗೆ, ಹೆಸರಿಗೆ. ಒಳ್ಳೆಯ ಕ್ಲಾರಿನೆಟ್ಟುಗಳನ್ನು ಆಫ್ರಿಕಾದ ಕರಿಮರದಿಂದ ಮಾಡುತ್ತಾರೆ. ಅದರ ಸಸ್ಯಶಾಸ್ತ್ರೀಯ ಹೆಸರು ಡಾಲ್ಬರ್ಜಿಯ ಮೆಲನಾಕ್ಸಿಲಾನ್. ನಮ್ಮ ಮಲೆನಾಡಿನ ಬೀಟೆ ಇದೇ ಕುಲದ ಮರ. ಡಾಲ್ಬರ್ಜಿಯ ಕುಲವನ್ನೇ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಡಿಸಿದ್ದು 2017ರಲ್ಲಿ. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಇಷ್ಟು ಅಪರೂಪದ ಮರದಿಂದ ನಾದಕ್ಕೆ ವಿಶೇಷ ಲಾಭವಿರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ 1964ರಲ್ಲಿ ಇದನ್ನೇ ಅಳೆದು ನೋಡಿದರು. ಕ್ಲಾರಿನೆಟ್ ನುಡಿಯುವಾಗ ಅದರ ಗೋಡೆ ಕಂಪಿಸುತ್ತದೆ ನಿಜ, ಬೆರಳಿಗೆ ಅದು ತಿಳಿಯುತ್ತದೆ. ಆದರೆ ಆ ಕಂಪನದಿಂದ ಹೊರಬರುವ ಸದ್ದು ಗಾಳಿಕಂಬದ ಸದ್ದಿನ ಮುಂದೆ ಲೆಕ್ಕಕ್ಕೇ ಇಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. 1971ರಲ್ಲಿ ಜಾನ್ ಕೋಲ್ಟ್‌ಮನ್ ಒಂದೇ ಅಳತೆಯ ಮೂರು ಕೊಳಲುಗಳನ್ನು ಮಾಡಿಸಿದರು. ಒಂದು ಬೆಳ್ಳಿಯದು, ಒಂದು ತಾಮ್ರದ್ದು, ಇನ್ನೊಂದು ಮರದ್ದು. ಕಣ್ಣಿಗೆ ಕಾಣದಂತೆ ನುಡಿಸಿದಾಗ ಯಾವುದು ಯಾವುದೆಂದು ಕೇಳುವವರಿಗೂ ಗೊತ್ತಾಗಲಿಲ್ಲ, ನುಡಿಸುವವರಿಗೂ ಗೊತ್ತಾಗಲಿಲ್ಲ. ಕೊರೆತ ನುಣುಪಾಗಿರಬೇಕು, ರಂಧ್ರಗಳು ಇರಬೇಕಾದ ಜಾಗದಲ್ಲಿರಬೇಕು, ಅವುಗಳ ಅಂಚು ಸರಿಯಾಗಿರಬೇಕು. ಇಷ್ಟು ಇದ್ದರೆ ಗೋಡೆ ಕರಿಮರದ್ದೋ ಪ್ಲಾಸ್ಟಿಕ್ಕಿನದೋ ಎಂಬುದು ಕಿವಿಗೆ ತಿಳಿಯುವ ಸಂಗತಿಯಲ್ಲ. 1953ರ ಮೇ ತಿಂಗಳಲ್ಲಿ ಟೊರಾಂಟೊದ ಮ್ಯಾಸಿ ಹಾಲಿನಲ್ಲಿ ಚಾರ್ಲಿ ಪಾರ್ಕರ್ ನುಡಿಸಿದ್ದು ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನ್. ಆ ಕಚೇರಿಯ ಧ್ವನಿಮುದ್ರಣವನ್ನು ಜಾಸ್ ಲೋಕ ಇವತ್ತಿಗೂ ತಲೆಯ ಮೇಲೆ ಹೊತ್ತು ನಡೆಯುತ್ತಿದೆ.

ನಮ್ಮ ಸೀಮೆಗೆ ಮರಕ್ಕಿಂತ ಪ್ಲಾಸ್ಟಿಕ್ಕೇ ವಾಸಿ ಎನ್ನಲು ಇನ್ನೊಂದು ಕಾರಣವೂ ಇದೆ. ಕಡೂರು ಬಾಬಾಬುಡನ್ ಗಿರಿಸಾಲಿನ ಮಳೆನೆರಳಿನಲ್ಲಿರುವ ಬಯಲು. ಮಾಘ ಕಳೆದು ಬಿಸಿಲು ಏರಿದ ಮೇಲೆ ಅಲ್ಲಿ ಬೀಸುವುದು ಒಣಗಾಳಿ. ಹೊರಗೆ ಒಣಗಿದ ಮರದೊಳಕ್ಕೆ ತೇವದ ಬಿಸಿಯುಸಿರು ಏಕಾಏಕಿ ತುಂಬಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಕೊಳವೆ ಸೀಳು ಬಿಡುತ್ತದೆ. ಸೀಳು ರಂಧ್ರವೊಂದಕ್ಕೆ ತಾಗಿತೆಂದರೆ ವಾದ್ಯ ಸೋರತೊಡಗುತ್ತದೆ. ಉಷ್ಣ, ಧೂಳು, ದೀಪದ ಗಾಡಿಯ ಶಾಖ, ಟೆಂಪೋದ ಹಿಂಬದಿಯ ಪ್ರಯಾಣ ಇವೆಲ್ಲವನ್ನೂ ತಡೆದುಕೊಳ್ಳಬೇಕಾದ ಮೆರವಣಿಗೆಯ ವಾದ್ಯಕ್ಕೆ ಕರಿಮರ ತಕ್ಕ ವಸ್ತುವಲ್ಲ.

ಈಗ ತುಟಿಯ ಹತ್ತಿರ ಬರೋಣ. ಮೌತ್‌ಪೀಸಿನ ತುದಿಗೂ ರೀಡಿನ ತುದಿಗೂ ನಡುವೆ ಇರುವ ಸಂದು ಸಾಮಾನ್ಯವಾಗಿ 1ರಿಂದ 1.2 ಮಿಲಿಮೀಟರ್. ಈ ಎರಡು ಅಳತೆಗಳ ನಡುವಿನ ಅಂತರ ದಪ್ಪನೆಯ ಎರಡು ಕಾಗದದಷ್ಟು ಮಾತ್ರ. ಆದರೆ ಸಂದು ಹಿರಿದಾದರೆ ಮೆದುವಾದ ರೀಡು ಬೇಕಾಗುತ್ತದೆ, ದನಿ ತೆರೆದುಕೊಳ್ಳುತ್ತದೆ, ತುಟಿಯಿಂದ ಸ್ವರವನ್ನು ಬಾಗಿಸುವುದು ಸುಲಭವಾಗುತ್ತದೆ. ಕಿರಿದಾದರೆ ದನಿ ಬಿಗಿಯಾಗುತ್ತದೆ, ಶ್ರುತಿ ಗಟ್ಟಿಯಾಗಿ ನಿಲ್ಲುತ್ತದೆ. ಮೌತ್‌ಪೀಸಿನ ಒಳಗಿನ ಗುಳಿಯ ಆಳ, ರೀಡು ಕೂರುವ ಹಾಸಿನ ವಾಲುವಿಕೆ ಕೂದಲೆಳೆಯಷ್ಟು ಬದಲಾದರೂ ಹೊಸಬನಿಗೂ ವ್ಯತ್ಯಾಸ ತಿಳಿಯುತ್ತದೆ. ಇನ್ನು ರೀಡು. ಅದನ್ನು ಮಾಡುವುದು ಅರುಂಡೊ ಡೋನಾಕ್ಸ್ ಎಂಬ ಜೊಂಡುಜಾತಿಯ ಗಿಡದಿಂದ. ಅದರ ಹೆಸರಾಂತ ಬೆಳೆ ಫ್ರಾನ್ಸಿನ ದಕ್ಷಿಣ ಕರಾವಳಿಯ ವಾರ್ ಪ್ರಾಂತದ್ದು. ಬುಡದಲ್ಲಿ ಸುಮಾರು 3 ಮಿಲಿಮೀಟರ್ ದಪ್ಪವಿರುವ ಈ ಪಟ್ಟಿ ತುದಿಗೆ ಬರುವ ಹೊತ್ತಿಗೆ 0.1 ಮಿಲಿಮೀಟರಿನಷ್ಟು ತೆಳುವಾಗಿರುತ್ತದೆ. ವಾದ್ಯದಲ್ಲಿ ನಿಜವಾಗಿ ನಾದವನ್ನು ಹುಟ್ಟಿಸುವ ಭಾಗ ಅದೇ. ಒಂದೇ ಡಬ್ಬಿಯ ಹತ್ತು ರೀಡುಗಳ ಮೇಲೆ ಒಂದೇ ನಂಬರ್ ಅಚ್ಚಾಗಿದ್ದರೂ ಹತ್ತೂ ಹತ್ತು ಥರ ನುಡಿಯುತ್ತವೆ, ಏಕೆಂದರೆ ಪ್ರತಿಯೊಂದೂ ಗಿಡದ ಬೇರೆ ಬೇರೆ ದಂಟಿನಿಂದ ಬಂದದ್ದು, ನಾರಿನ ಹೆಣಿಗೆ ಬೇರೆ ಬೇರೆ. ಹಳೆಯ ರೀಡು ತೆಗೆದು ಹೊಸದು ಹಾಕಿದಾಗ ಆಗುವ ಬದಲಾವಣೆ, ಅಗ್ಗದ ಪೀಸು ಬಿಟ್ಟು ದುಬಾರಿ ಪೀಸು ಹಿಡಿದಾಗ ಆಗುವ ಬದಲಾವಣೆಗಿಂತ ಕಿವಿಗೆ ದೊಡ್ಡದು. ಬೆಲೆಯಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ.

ರೀಡಿನ ಮೇಲೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಹವೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೀಡು ತೇವವಿದ್ದಾಗ ಮಾತ್ರ ಸರಿಯಾಗಿ ನುಡಿಯುತ್ತದೆ. ಅದಕ್ಕೇ ಊದುವ ಮೊದಲು ಅದನ್ನು ಬಾಯಲ್ಲಿಟ್ಟು ನೆನೆಸುತ್ತಾರೆ. ಮಾರ್ಚ್ ತಿಂಗಳ ಮಧ್ಯಾಹ್ನ ಕಡೂರಿನ ಬಯಲಲ್ಲೋ ಅಜ್ಜಂಪುರದ ಕಡೆಯ ರಸ್ತೆಯಲ್ಲೋ ಮೆರವಣಿಗೆ ನಿಂತಿದೆ ಎನ್ನಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ, ನೆಂಟರು ಕುಣಿದು ಮುಗಿಸುವಷ್ಟರಲ್ಲಿ, ರೀಡಿನ ತುದಿ ಒಣಗುತ್ತದೆ. ಒಣಗಿದ ತುದಿ ನೆಟ್ಟಗಿರದೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಮೌತ್‌ಪೀಸಿನ ಅಂಚಿಗೆ ಅದು ಸಮನಾಗಿ ಕೂರದೆ ಒಂದು ಕಡೆ ಸಂದು ಉಳಿಯುತ್ತದೆ. ಮುಂದಿನ ಹಾಡಿನ ಮೊದಲ ಸ್ವರಕ್ಕೇ ಕೀಚಲು ಸದ್ದು. ನೋಡುವವರು ಪೀಸು ಸರಿಯಿಲ್ಲ ಎನ್ನುತ್ತಾರೆ, ಊದುವವನಿಗೂ ಹಾಗೇ ಅನಿಸಬಹುದು. ತರೀಕೆರೆಯ ಕಥೆ ಬೇರೆ. ಅದು ಕೆಮ್ಮಣ್ಣುಗುಂಡಿಯ ಬುಡದಲ್ಲಿದೆ, ಲಕ್ಕವಳ್ಳಿಯ ಭದ್ರಾ ಜಲಾಶಯ ಅದೇ ತಾಲ್ಲೂಕಿನದು. ಮಳೆಗಾಲದಲ್ಲಿ ಅಲ್ಲಿ ರೀಡು ಹೀರಿಕೊಂಡ ನೀರು ಬೇಗ ಆರುವುದಿಲ್ಲ. ರೀಡು ಉಬ್ಬಿ ಭಾರವಾಗುತ್ತದೆ, ದನಿ ಮಂಕಾಗುತ್ತದೆ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಇಪ್ಪತ್ತು ಮೂವತ್ತು ಮೈಲಿಯ ಅಂತರದಲ್ಲಿ ಎರಡು ಬಗೆಯ ಹವೆ. ಒಬ್ಬನೇ ವಾದಕ ಎರಡೂ ಕಡೆ ಊದಬೇಕು. ಅವನ ಕೈಯಲ್ಲಿರಬೇಕಾದದ್ದು ಬೇರೆ ಬೇರೆ ಗಡುಸಿನ ನಾಲ್ಕಾರು ರೀಡುಗಳು, ಅವುಗಳನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಇಡುವ ಒಂದು ಡಬ್ಬಿ, ಹಾಡಿನ ನಡುವೆ ಮೌತ್‌ಪೀಸಿಗೆ ಮುಚ್ಚಳ ಹಾಕುವ ರೂಢಿ. ಬಿಸಿಲ ಮೆರವಣಿಗೆಗೆಂದೇ ಒಂದು ಪ್ಲಾಸ್ಟಿಕ್ ರೀಡು ಇಟ್ಟುಕೊಳ್ಳುವುದರಲ್ಲಿ ಅಗೌರವವೇನೂ ಇಲ್ಲ. ಹಳಬರು ಅದರ ದನಿ ಸ್ವಲ್ಪ ಒರಟು ಎನ್ನಬಹುದು. ಒಣಗಿ ಸೊಟ್ಟಗಾದ ಜೊಂಡಿನ ರೀಡಿಗಿಂತ ಅದು ಎಷ್ಟೋ ಮೇಲು.

ತುಟಿಯಿಂದ ಇನ್ನೂ ಒಳಕ್ಕೆ ಹೋದರೆ ವಾದ್ಯದ ಅಂಗಡಿಯಲ್ಲಿ ಸಿಗದ ಭಾಗ ಶುರುವಾಗುತ್ತದೆ. ಬಾಯಿ, ನಾಲಿಗೆ, ಗಂಟಲು ಕೂಡ ಒಂದು ಗಾಳಿಯ ಕೊಠಡಿ. ರೀಡಿನ ಒಂದು ಬದಿಗೆ ಕ್ಲಾರಿನೆಟ್ಟಿನ ಗಾಳಿಕಂಬವಿದ್ದರೆ ಇನ್ನೊಂದು ಬದಿಗೆ ಊದುವವನ ಗಂಟಲಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜೋ ವೂಲ್ಫ್, ಜಾನ್ ಸ್ಮಿತ್ ಮತ್ತು ಜೆರ್ ಮಿಂಗ್ ಚೆನ್ ಮೌತ್‌ಪೀಸಿನೊಳಗೇ ಅಳತೆಯ ಸಾಧನ ಕೂರಿಸಿ, ನುಡಿಸುತ್ತಿರುವಾಗಲೇ ವಾದಕರ ಬಾಯೊಳಗೆ ಏನಾಗುತ್ತದೆಂದು ಅಳೆದರು. 2008ರಲ್ಲಿ ಸ್ಯಾಕ್ಸೊಫೋನಿನ ಬಗ್ಗೆ, 2009ರಲ್ಲಿ ಕ್ಲಾರಿನೆಟ್ಟಿನ ಬಗ್ಗೆ ಅವರ ಫಲಿತಾಂಶ ಪ್ರಕಟವಾಯಿತು. ನುರಿತ ಕ್ಲಾರಿನೆಟ್ ವಾದಕರು ಸ್ವರವನ್ನು ಜಾರಿಸುವಾಗ ತಮ್ಮ ಗಂಟಲ ಕೊಠಡಿಯನ್ನು ಬೇಕಾದ ಸ್ವರಕ್ಕೆ ಶ್ರುತಿಗೊಳಿಸಿಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ರೀಡಿನ ಕಂಪನದ ಮೇಲೆ ಕೊಳವೆಯಷ್ಟೇ ಹಿಡಿತ ಗಂಟಲಿಗೂ ಬರುತ್ತದೆ. ಗೆರ್ಶ್ವಿನ್ನನ ‘ರಾಪ್ಸಡಿ ಇನ್ ಬ್ಲೂ’ ಕೃತಿಯ ಮೊದಲಲ್ಲಿ ಬರುವ ಪ್ರಸಿದ್ಧ ಜಾರಿನ ಗುಟ್ಟು ಇದು. ನಮ್ಮ ಸಂಗೀತಕ್ಕೆ ಈ ಸಂಶೋಧನೆ ಇನ್ನೂ ಹೆಚ್ಚು ಹೊಂದುತ್ತದೆ. ತೋಡಿಯ ಗಾಂಧಾರ ಕಂಪಿಸಬೇಕು, ಆನಂದಭೈರವಿಯಲ್ಲಿ ಜಾರಬೇಕು, ಹಳೆಯ ಸಿನಿಮಾ ಹಾಡಿನ ಪಲ್ಲವಿಯಲ್ಲಿ ಗಾಯಕನ ಕೊರಳಿನ ತಿರುವು ಬರಬೇಕು ಎಂದರೆ ಅದು ಬೆರಳು ರಂಧ್ರದ ಮೇಲೆ ಅರ್ಧ ಸರಿಯುವುದರಿಂದಲೂ ಗಂಟಲು ತೆರೆದು ಮುಚ್ಚುವುದರಿಂದಲೂ ಆಗಬೇಕು. ಎಷ್ಟು ದುಡ್ಡು ಕೊಟ್ಟರೂ ಯಾವ ಕಂಪನಿಯೂ ಅದನ್ನು ಡಬ್ಬಿಯಲ್ಲಿಟ್ಟು ಕಳಿಸುವುದಿಲ್ಲ.

ಗಂಟಲಿಗೂ ಹಿಂದೆ ಕಿವಿಯಿದೆ. ತನ್ನ ವಾದ್ಯ ಹೇಗೆ ನುಡಿಯಬೇಕೆಂಬ ಚಿತ್ರ ತಲೆಯಲ್ಲಿ ಇಲ್ಲದವನ ಗಂಟಲು ಯಾವ ಆಕಾರ ತಾಳಬೇಕು? ಪಾಶ್ಚಾತ್ಯ ಕೊಳವೆವಾದ್ಯಗಳನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಮೂವರನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಅವರಿಗೆ 2008ರಲ್ಲಿ ಮದರಾಸು ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು, ಕ್ಲಾರಿನೆಟ್ ವಾದಕರೊಬ್ಬರಿಗೆ ಸಂದ ದೊಡ್ಡ ಮರ್ಯಾದೆ ಅದು. ಅವರು ಹಾಡುಗಾರಿಕೆಯನ್ನೂ ನಾಗಸ್ವರವನ್ನೂ ಗುರುಮುಖೇನ ಕಲಿತವರು. ಅವರ ಕ್ಲಾರಿನೆಟ್ಟಿನಲ್ಲಿ ಕೇಳುವುದು ನಾಗಸ್ವರದ ಬಾನಿ. ನಮ್ಮ ರಾಯಚೂರಿನ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ಸಂಗೀತವನ್ನು ಕ್ಲಾರಿನೆಟ್ಟಿನಲ್ಲಿ ನುಡಿಸಿ ಹೆಸರಾದವರು. ಅವರ ಗುರು ಸಿದ್ಧರಾಮ ಜಂಬಲದಿನ್ನಿ, ಗಾಯಕರು. ಹಾಗಾಗಿ ಅವರ ವಾದನ ಹಾಡಿನ ದಾರಿಯಲ್ಲೇ ನಡೆಯುತ್ತದೆ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತು, ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದ ವೇದಿಕೆ ಏರಿದರು. ಮೂವರಿಗೂ ಬೇಕಾದ ನಾದ ವಾದ್ಯ ಕೈಗೆ ಬರುವ ಮೊದಲೇ ಕಿವಿಯಲ್ಲಿ ಕೂತಿತ್ತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರ ನೋಡದ ಕನ್ನಡಿಗರು ಕಡಿಮೆ. ತೆರೆಯ ಮೇಲೆ ಸನಾದಿ ರಾಜಕುಮಾರ್ ಅವರ ಕೈಯಲ್ಲಿದ್ದರೂ ನಮ್ಮ ಕಣ್ಣಲ್ಲಿ ನೀರು ತರಿಸಿದ ನಾದಕ್ಕೆ ಬಿಸ್ಮಿಲ್ಲಾ ಖಾನರ ಉಸಿರೇ ಬೇಕಾಯಿತು. ಅದಕ್ಕೆ ಬದಲಾಗಿ ಒಂದು ಒಳ್ಳೆಯ ಶಹನಾಯಿ ತಂದಿದ್ದರೆ ಸಾಕಾಗುತ್ತಿರಲಿಲ್ಲ.

ನನ್ನ ವಾದಕ್ಕೆ ಬಲವಾದ ಒಂದು ಆಕ್ಷೇಪವಿದೆ. ವಾದ್ಯ ಅಷ್ಟು ಮುಖ್ಯವಲ್ಲದಿದ್ದರೆ ದೊಡ್ಡ ವಿದ್ವಾಂಸರು ವಾದ್ಯಗಳನ್ನು ಏಕೆ ತಿದ್ದಿದರು? ಕದ್ರಿಯವರು ತಮ್ಮ ಸ್ಯಾಕ್ಸೊಫೋನಿನಲ್ಲಿ ಮಾರ್ಪಾಡು ಮಾಡಿಕೊಂಡರು. ಟಿ.ಎನ್. ರಾಜರತ್ನಂ ಪಿಳ್ಳೆಯವರು ಕಿರಿದಾದ, ಏರುದನಿಯ ತಿಮಿರಿ ನಾಗಸ್ವರವನ್ನು ಬಿಟ್ಟು, ನರಸಿಂಗಂಪೇಟೆಯ ರಂಗನಾಥನ್ ಆಚಾರಿಯವರಿಂದ ಉದ್ದನೆಯ ಬಾರಿ ನಾಗಸ್ವರ ಮಾಡಿಸಿಕೊಂಡರು. ಇವತ್ತು ಕಚೇರಿಯಲ್ಲಿ ಕೇಳುವ ಗಂಭೀರ ನಾಗಸ್ವರ ಅದೇ. ಮೈಸೂರಿನ ಟಿ. ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದರು. ಇವೆಲ್ಲ ನಿಜ, ಇವನ್ನು ಚಿಕ್ಕದು ಮಾಡಿ ಹೇಳುವುದು ಸರಿಯಲ್ಲ. ಆದರೆ ಇವರು ಯಾವ ಘಟ್ಟದಲ್ಲಿ ವಾದ್ಯವನ್ನು ಮುಟ್ಟಿದರು ಎಂಬುದನ್ನು ಗಮನಿಸಬೇಕು. ತಮಗೆ ಬೇಕಾದ ನಾದ ಯಾವುದೆಂದು ಗೊತ್ತಾಗಿ, ಇರುವ ವಾದ್ಯದಿಂದ ತೆಗೆಯಬಹುದಾದದ್ದನ್ನೆಲ್ಲ ತೆಗೆದಾದ ಮೇಲೆ, ಎಲ್ಲಿ ತಡೆಯುತ್ತಿದೆ ಎಂದು ಬೆರಳಿಟ್ಟು ತೋರಿಸಬಲ್ಲವರಾದ ಮೇಲೆ ತಿದ್ದಿದರು. ತಿದ್ದಿದ್ದಾದರೂ ಏನನ್ನು? ಕೊಳವೆಯ ಉದ್ದ, ಶ್ರುತಿ, ಬೆರಳಿಗೆ ಎಟುಕುವ ಬಗೆ, ಸದ್ದಿನ ಪ್ರಮಾಣ. ಅಂದರೆ ಆಕಾರ ಮತ್ತು ಅನುಕೂಲ. ಅಂಗಡಿಯಲ್ಲಿ ಹೆಚ್ಚು ಬೆಲೆಯದ್ದನ್ನು ಕೊಂಡು ತಂದದ್ದಲ್ಲ ಅದು. ಚೌಡಯ್ಯನವರ ನಂತರ ಏಳು ತಂತಿಯ ಪಿಟೀಲು ಹೆಚ್ಚು ಜನರ ಕೈಗೆ ಹೋಗಲಿಲ್ಲ, ವಾದ್ಯ ಸಿಕ್ಕಿದರೆ ಚೌಡಯ್ಯನವರ ಬಿಲ್ಲು ಸಿಕ್ಕಂತಾಗುವುದಿಲ್ಲವಲ್ಲ.

ಎರಡನೆಯ ಆಕ್ಷೇಪ ವಾದಕರಿಂದಲೇ ಬರುತ್ತದೆ: ಒಳ್ಳೆಯ ಪೀಸು ಹಿಡಿದಾಗ ವ್ಯತ್ಯಾಸ ನಮಗೆ ಗೊತ್ತಾಗುತ್ತದೆ, ಲ್ಯಾಬಿನ ಲೆಕ್ಕ ನಮಗೆ ಬೇಡ ಎಂದು. ಅವರ ಅನುಭವ ಸುಳ್ಳಲ್ಲ. ಕೀಗಳು ಹಗುರಾಗಿ ಏಳುತ್ತವೆ, ಸ್ವರಗಳು ತಾವಾಗಿ ಶ್ರುತಿಗೆ ಕೂರುತ್ತವೆ, ಉಸಿರು ಕಡಿಮೆ ಸಾಕಾಗುತ್ತದೆ, ನಾಲ್ಕು ಗಂಟೆ ಊದಿದರೂ ದವಡೆ ನೋಯುವುದಿಲ್ಲ. ಇದು ಊದುವವನಿಗೆ ಆಗುವ ಸುಖ, ಅದಕ್ಕೂ ಬೆಲೆಯಿದೆ. ಆದರೆ ಆ ಸುಖಕ್ಕೂ ವಾದ್ಯದ ಹೆಸರಿಗೂ ನಾವು ಹಾಕುವ ಗಂಟು ಸಡಿಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 21 ಮಂದಿ ಪಿಟೀಲು ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಮಂದ ಬೆಳಕಿನಲ್ಲಿ, ಆರು ಪಿಟೀಲು ಕೊಟ್ಟು ನುಡಿಸಲು ಹೇಳಿದರು. ಮೂರು ಹೊಸವು, ಉಳಿದ ಮೂರು ಕೋಟಿಗಟ್ಟಲೆ ಬಾಳುವ ಸ್ಟ್ರಾಡಿವಾರಿ, ಗ್ವಾರ್ನೇರಿ ಕಾಲದವು. ಮನೆಗೆ ಒಯ್ಯುವುದಾದರೆ ಯಾವುದನ್ನು ಒಯ್ಯುತ್ತೀರಿ ಎಂದು ಕೇಳಿದಾಗ 13 ಮಂದಿ ಹೊಸದನ್ನೇ ಆರಿಸಿದರು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವಾರಿ. ವಾದ್ಯವಾದ್ಯಕ್ಕೆ ವ್ಯತ್ಯಾಸವಿಲ್ಲ ಎಂದು ಈ ಪರೀಕ್ಷೆ ಹೇಳಲಿಲ್ಲ, ವಾದಕರಿಗೆ ಇಷ್ಟಾನಿಷ್ಟಗಳು ಸ್ಪಷ್ಟವಾಗಿಯೇ ಇದ್ದವು. ಆ ಇಷ್ಟ ಬೆಲೆಯನ್ನೂ ಹೆಸರನ್ನೂ ಅನುಸರಿಸಲಿಲ್ಲ ಅಷ್ಟೆ. ಕ್ಲಾರಿನೆಟ್ ಕೊಳ್ಳುವವರು ಇದರಿಂದ ಕಲಿಯಬೇಕಾದದ್ದು ಸರಳ. ತಮ್ಮದೇ ಮೌತ್‌ಪೀಸನ್ನೂ ರೀಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಬೇಕು, ಮೇಲಿನ ಅಚ್ಚು ಕಾಣದಂತೆ ಬಟ್ಟೆ ಸುತ್ತಿ ಎರಡು ಮೂರು ಪೀಸುಗಳನ್ನು ಊದಿ ನೋಡಬೇಕು.

ನನ್ನ ವಾದಕ್ಕೆ ನಿಜವಾಗಿ ಮಿತಿ ಹಾಕುವುದು ಮೂರನೆಯ ಮಾತು. ಕಲಿಯುವ ಹುಡುಗನಿಗೆ ಕೆಟ್ಟ ವಾದ್ಯ ಕೊಟ್ಟರೆ ಕಲಿಕೆಯೇ ಕೆಡುತ್ತದೆ. ಇದನ್ನು ಪೂರ್ತಿ ಒಪ್ಪುತ್ತೇನೆ. ಫೆಲ್ಟ್ ಬಿಲ್ಲೆಗೆ ತೆಳುಪೊರೆ ಹೊದಿಸಿದ ಪ್ಯಾಡುಗಳು ರಂಧ್ರಗಳನ್ನು ಬಿಗಿಯಾಗಿ ಮುಚ್ಚಬೇಕು. ಒಂದು ಪ್ಯಾಡು ಹರಿದರೂ ಗಾಳಿ ಸೋರುತ್ತದೆ. ಮೇಲಿನ ರಂಧ್ರದಲ್ಲಿ ಸೋರಿದರೆ ಅದರ ಕೆಳಗಿನ ಸ್ವರಗಳೆಲ್ಲ ಹಟ ಹಿಡಿಯುತ್ತವೆ. ಹುಡುಗ ಸ್ವರ ಬರಿಸಲು ರೀಡನ್ನು ಕಚ್ಚಿ ಹಿಡಿಯುತ್ತಾನೆ, ಉಸಿರನ್ನು ಬಲವಂತವಾಗಿ ತಳ್ಳುತ್ತಾನೆ. ದನಿ ಕಿರುಚುತ್ತದೆ. ಆ ಕಚ್ಚುವ ಅಭ್ಯಾಸ ಒಮ್ಮೆ ಬಂದರೆ ಆಮೇಲೆ ಎಂಥ ವಾದ್ಯ ಕೊಟ್ಟರೂ ಬಿಡುವುದು ಕಷ್ಟ. ನುರಿತವನು ಸೋರುವ ವಾದ್ಯವನ್ನೂ ಬೆರಳೊತ್ತಿ, ತುಟಿ ಸಡಿಲಿಸಿ ಒಂದು ಸಂಜೆ ನಿಭಾಯಿಸುತ್ತಾನೆ, ಹೊಸಬನಿಗೆ ಅದಾಗದು. ಆದ್ದರಿಂದ ಸಾಮಾನ್ಯ ನಂಬಿಕೆಯನ್ನು ತಿರುಗಿಸಿ ಹಾಕಬೇಕಾಗಿದೆ. ಕಲಿಯುವವನಿಗೆ ಹಳೆಯದು, ಮುರುಕಲು ಸಾಕು, ಪಳಗಿದ ಮೇಲೆ ಒಳ್ಳೆಯದು ಕೊಡಿಸೋಣ ಎನ್ನುತ್ತಾರೆ ದೊಡ್ಡವರು. ಆದರೆ ಸರಿಯಾದ ಸ್ಥಿತಿಯ ವಾದ್ಯ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಕಲಿಯುವವನಿಗೇ. ಸರಿಯಾದ ಸ್ಥಿತಿ ಎಂದರೆ ದುಬಾರಿ ಎಂದು ಅರ್ಥವಲ್ಲ, ಸೋರಬಾರದು ಅಷ್ಟೆ. ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಮೇಲಿನ ತುಂಡನ್ನು ಬಿಡಿಸಿ, ಬೆರಳ ರಂಧ್ರಗಳನ್ನೆಲ್ಲ ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ಮೇಲ್ತುದಿಗೆ ಬಾಯಿಟ್ಟು ಗಾಳಿ ಹೀರಿ ನಾಲಿಗೆಯಿಂದ ಮುಚ್ಚಿದರೆ ಒಂದೆರಡು ಸೆಕೆಂಡು ಆ ಹಿಡಿತ ನಿಲ್ಲಬೇಕು. ನಿಲ್ಲದಿದ್ದರೆ ಸಿಗರೇಟಿನ ಕಾಗದದ ಸಣ್ಣ ಚೂರನ್ನು ಒಂದೊಂದೇ ಪ್ಯಾಡಿನಡಿ ಇಟ್ಟು, ಕೀ ಮುಚ್ಚಿ ಮೆಲ್ಲಗೆ ಎಳೆಯಬೇಕು. ಯಾವ ಪ್ಯಾಡಿನಡಿ ಕಾಗದ ಹಿಡಿತವಿಲ್ಲದೆ ಜಾರಿ ಬರುತ್ತದೋ ಅದೇ ಕಳ್ಳ. ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತೆಂದರೆ, ರಂಧ್ರಗಳನ್ನೇ ತಪ್ಪು ಜಾಗದಲ್ಲಿ ಕೊರೆದ ತೀರಾ ಕಳಪೆ ಪೀಸುಗಳೂ ಮಾರುಕಟ್ಟೆಯಲ್ಲಿವೆ. ಅಂಥವು ಯಾವ ರೀಡಿಗೂ ಸರಿಹೋಗುವುದಿಲ್ಲ, ಅವುಗಳ ಮೇಲೆ ಒಂದು ರೂಪಾಯಿ ಹಾಕಿದರೂ ನಷ್ಟ.

ಶ್ರುತಿಯ ಮಾತು ಬಂದಾಗ ಮತ್ತೆ ಈ ಸೀಮೆಯ ಹವೆಯನ್ನು ನೆನೆಯಬೇಕು. ಗಾಳಿ ಬಿಸಿಯಾದಂತೆ ಅದರಲ್ಲಿ ಸದ್ದು ವೇಗವಾಗಿ ಹೋಗುತ್ತದೆ. ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಏರಿಕೆ. ಪುಷ್ಯ ಮಾಸದ ರಾತ್ರಿಯ ಉತ್ಸವಕ್ಕೂ ಚೈತ್ರದ ನಡುಹಗಲಿನ ಮೆರವಣಿಗೆಗೂ ಇಪ್ಪತ್ತು ಡಿಗ್ರಿಯ ವ್ಯತ್ಯಾಸ ಇಲ್ಲಿ ದೊಡ್ಡದಲ್ಲ. ಕೊಳವೆಯೊಳಗಿನ ಗಾಳಿಯನ್ನು ಉಸಿರು ಬೆಚ್ಚಗಿಡುವುದರಿಂದ ಈ ಅಂತರ ಅಷ್ಟಕ್ಕಷ್ಟೇ ಶ್ರುತಿಗೆ ಇಳಿಯುವುದಿಲ್ಲ, ಆದರೂ ಬಿಸಿಲಿಗೆ ಕ್ಲಾರಿನೆಟ್ಟಿನ ಶ್ರುತಿ ಏರುತ್ತದೆ, ಚಳಿಗೆ ಇಳಿಯುತ್ತದೆ. ಪಕ್ಕದ ಗಾಡಿಯ ಮೇಲಿರುವ ಕೀಬೋರ್ಡಿಗೆ ಬಿಸಿಲೂ ಒಂದೇ ಚಳಿಯೂ ಒಂದೇ. ಎರಡೂ ಜೊತೆಗೂಡಿದಾಗ ಕೇಳುವವರಿಗೆ ಏನೋ ಕಿರಿಕಿರಿ. ದುಬಾರಿ ಪೀಸಾದರೂ ಈ ನಿಯಮಕ್ಕೆ ಹೊರತಲ್ಲ. ಇದನ್ನು ಸರಿಪಡಿಸುವ ಜಾಗ ಮೌತ್‌ಪೀಸಿನ ಕೆಳಗಿರುವ ಬ್ಯಾರಲ್. ಅದನ್ನು ಒಂದೆರಡು ಮಿಲಿಮೀಟರ್ ಹೊರಗೆಳೆದರೆ ಶ್ರುತಿ ಇಳಿಯುತ್ತದೆ, ಒಳಕ್ಕೆ ತಳ್ಳಿದರೆ ಏರುತ್ತದೆ. ಶ್ರುತಿಪೆಟ್ಟಿಗೆಯ ಮುಂದೆ ಕೂತು ದೀರ್ಘ ಸ್ವರ ಹಿಡಿದು ಅಭ್ಯಾಸ ಮಾಡಿದ ಕಿವಿಗೆ ಎಷ್ಟು ಎಳೆಯಬೇಕೆಂದು ತಾನಾಗಿ ಗೊತ್ತಾಗುತ್ತದೆ. ಹಾಗೆಯೇ ಮೈಕನ್ನೂ ಮರೆಯಬಾರದು. ಮೆರವಣಿಗೆಯಲ್ಲಿ ಜನ ಕೇಳುವುದು ಕ್ಲಾರಿನೆಟ್ಟನ್ನು ನೇರವಾಗಿ ಅಲ್ಲ, ಮೈಕು, ಆಂಪ್ಲಿಫಯರು, ಹಾರ್ನ್ ಸ್ಪೀಕರುಗಳನ್ನು ದಾಟಿ ಬಂದದ್ದನ್ನು. ಕ್ಲಾರಿನೆಟ್ಟಿನ ಸ್ವರ ತೆರೆದಿರುವ ರಂಧ್ರಗಳೆಲ್ಲದರಿಂದಲೂ ಹೊರಡುತ್ತದೆ. ಮೈಕನ್ನು ಕೆಳಗಿನ ಬೆಲ್ಲಿನ ಬಾಯಿಗೇ ತುರುಕಿದರೆ ಕೆಲವು ಸ್ವರ ಗುಡುಗುತ್ತವೆ, ಕೆಲವು ಕಾಣೆಯಾಗುತ್ತವೆ. ಒಂದು ಅಡಿ ದೂರದಲ್ಲಿ, ಬೆರಳುಗಳ ಕಡೆಗೆ ಮುಖಮಾಡಿ ಇಟ್ಟರೆ ದನಿ ಇದ್ದಂತೆ ಬರುತ್ತದೆ. ಇದಕ್ಕೆ ಖರ್ಚೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಣದ ಲೆಕ್ಕ ತನ್ನಷ್ಟಕ್ಕೆ ಬದಲಾಗುತ್ತದೆ. ಮೊದಲ ಖರ್ಚು ಪಾಠಕ್ಕೆ, ಆಮೇಲೆ ವರ್ಷವಿಡೀ ಸಾಲುವಷ್ಟು ರೀಡಿಗೆ, ಆಮೇಲೆ ಒಂದು ನಂಬಬಹುದಾದ ಎಬನೈಟ್ ಮೌತ್‌ಪೀಸಿಗೆ, ಅದಾದ ಮೇಲೆ ಪ್ಯಾಡು ಕಾರ್ಕುಗಳ ರಿಪೇರಿಗೆ. ಹೊಸ ಪೀಸಿನ ಸರದಿ ಕಟ್ಟಕಡೆಗೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾವಿದರಿಗೆ ವಾದ್ಯಪರಿಕರ ಕೊಳ್ಳಲು ಧನಸಹಾಯ ಕೊಡುತ್ತದೆ, ಅದು ಒಳ್ಳೆಯ ಕೆಲಸ. ಆ ನೆರವು ಹೊಸ ವಾದ್ಯದ ಬಿಲ್ಲಿಗಷ್ಟೇ ನಿಲ್ಲದೆ ರೀಡಿಗೂ ರಿಪೇರಿಗೂ ಸಿಗುವಂತಾಗಬೇಕು. ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವ ಹಳೆಯ ಕ್ಲಾರಿನೆಟ್ಟುಗಳಲ್ಲಿ ಎಷ್ಟಕ್ಕೋ ಬೇಕಾಗಿರುವುದು ಹೊಸ ಪ್ಯಾಡುಗಳ ಒಂದು ಸೆಟ್ಟು ಮಾತ್ರ. ಪ್ಯಾಡು ಕೂರಿಸುವುದು, ಕಾರ್ಕು ಅಂಟಿಸುವುದು, ಬಳುಕಿದ ಕೀ ನೆಟ್ಟಗೆ ಮಾಡುವುದು ಚಿನ್ನಬೆಳ್ಳಿ ಕೆಲಸದವರ ಕೈಗೂ ಗಡಿಯಾರ ರಿಪೇರಿಯವರ ಕೈಗೂ ಒಗ್ಗುವ ಕಸುಬು. ತರಬೇತಿ ಕೊಟ್ಟರೆ ಕೆಲವೇ ತಿಂಗಳಲ್ಲಿ ಕಲಿಯಬಹುದು. ಇದಕ್ಕೆ ತಕ್ಕ ಜಾಗ ಬೀರೂರು. ಬೆಂಗಳೂರಿನಿಂದ ಕಡೂರು ದಾಟಿ ಬರುವ ರೈಲುಹಳಿ ಅಲ್ಲಿ ಕವಲೊಡೆದು ಒಂದು ಅಜ್ಜಂಪುರದ ಕಡೆಗೂ ಇನ್ನೊಂದು ತರೀಕೆರೆಯ ಕಡೆಗೂ ಹೋಗುತ್ತದೆ. ಅಲ್ಲಿ ಒಬ್ಬ ಒಳ್ಳೆಯ ರಿಪೇರಿಯವನು ಕೂತರೆ ಮೂರೂ ತಾಲ್ಲೂಕಿನ ಬ್ಯಾಂಡಿನವರು ಬೆಳಿಗ್ಗೆ ವಾದ್ಯ ಕೊಟ್ಟು ಸಂಜೆಯ ದಿಬ್ಬಣಕ್ಕೆ ಹಿಂತಿರುಗಿ ಒಯ್ಯಬಹುದು.